ಬೇಡದ ತಂತ್ರಾಂಶಕ್ಕೆ ಹೊಣೆ ಯಾರು?

ಕ್ರಯಕ್ಕೆ ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಸಂಪೂರ್ಣ ಸ್ವಾಮ್ಯವುಂಟೆಂಬುದು ಲೋಕರೂಢಿ. ಸಂತೆಯಲ್ಲಿ ಕೊಡ ಕೊಂಡವನು ಬರಿಯ ಕೊಡವನ್ನೇ ಮನೆಗೆ ತರುತ್ತಾನೆ. ಅದರಲ್ಲಿ ನೀರು ತುಂಬುವುದೋ ಜೋಳ ತುಂಬುವುದೋ ಅವನ ಇಚ್ಛೆಗೆ ಸೇರಿದ್ದು. ಯಾದಗಿರಿಯ ಬಜಾರದಿಂದ ಒಂದು ಕಬ್ಬಿಣದ ಕಪಾಟನ್ನು ತಂದು ಮನೆಯಲ್ಲಿರಿಸಿದಿರಿ ಎಂದು ಭಾವಿಸೋಣ. ಅದರ ಐದು ಅಂಕಣಗಳಲ್ಲಿ ಎರಡರೊಳಗೆ ಯಾರದೋ ಸರಕು ಮೊದಲೇ ತುಂಬಿದೆ; ಆ ಎರಡಕ್ಕೆ ಬೇರೆ ಕೀಲಿ; ಕೀಲಿಕೈ ನಿಮ್ಮ ಬಳಿ ಇಲ್ಲ. ಮೇಲಾಗಿ ಹೊತ್ತಲ್ಲದ ಹೊತ್ತಿನಲ್ಲಿ ಆ ಅಂಕಣಗಳೊಳಗಿಂದ ‘ಇದನ್ನು ಕೊಳ್ಳಿರಿ, ಅದನ್ನು ನೋಡಿರಿ’ ಎಂಬ ಕೂಗು ಕೇಳಿಬರುತ್ತದೆ. ಇಂತಹ ಕಪಾಟನ್ನು ಯಾವ ಗೃಹಸ್ಥನು ತಾನೇ ಮನೆಯಲ್ಲಿರಗೊಟ್ಟಾನು? ಮರುದಿನವೇ ಬಂಡಿಯ ಮೇಲೆ ಹೇರಿಕೊಂಡು ಹೋಗಿ ಅಂಗಡಿಯ ಮುಂದೆ ಇಳಿಸಿ ನ್ಯಾಯ ಕೇಳದೆ ಬಿಡಲಾರನು. ಆದರೆ ಇಂಥದೇ ಒಂದು ವಸ್ತುವನ್ನು ನಾವೆಲ್ಲರೂ ಹಣ ಕೊಟ್ಟು ಕೊಂಡು, ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇವೆ. ಕೇಳುವವರು ಮಾತ್ರ ಯಾರೂ ಇಲ್ಲ. ಆ ವಸ್ತುವೇ ಮೊಬೈಲು.

ಈ ಲೇಖನಕ್ಕೆ ನಿಮಿತ್ತವಾದುದು ನಮ್ಮ ಬಳಿಚಕ್ರದ ಒಬ್ಬ ವಿದ್ಯಾರ್ಥಿನಿಯ ಮಾತು. ಒಂಬತ್ತನೆಯ ತರಗತಿಯ ಮಕ್ಕಳಿಗೆ, ಅವರವರ ಮನೆಯ ಹಿರಿಯರ ಬಾಯಿಂದ ಬೀಸುವ ಪದ, ಕುಟ್ಟುವ ಪದ, ಸೋಬಾನ ಪದಗಳನ್ನು ಸಂಗ್ರಹಿಸಿ ತರುವಂತೆ ಒಮ್ಮೆ ಹೇಳಿದ್ದೆನು. ಹಾಡುವವರ ವೇಗವು ಬರೆಯುವವರಿಗಾಗಿ ಕಾಯುವುದಿಲ್ಲವಾದ ಕಾರಣ, ಮೊದಲು ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಟ್ಟುಕೊಂಡು ಬಳಿಕ ನೋಟುಬುಕ್ಕಿಗೆ ಇಳಿಸಿರೆಂದು ಸೂಚಿಸಿದವನೂ ನಾನೇ. ಆ ಹುಡುಗಿಯ ಆಯಿ ಎಂಬತ್ತರ ಸಮೀಪದವರು. ಒಂದೇ ಸಂಜೆ ಹನ್ನೊಂದು ಪದಗಳನ್ನು ಹಾಡಿದರಂತೆ. ಹುಡುಗಿ ಎರಡನ್ನು ಬರೆದು ತಂದು ತೋರಿಸಿದಳು. ಉಳಿದ ಒಂಬತ್ತು ಮೊಬೈಲಿನಲ್ಲಿದ್ದವು. ಅಷ್ಟರಲ್ಲಿ ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ಬಂದಿತು. ಕಾಗದಪತ್ರಗಳ ಚಿತ್ರಗಳನ್ನು ತೆಗೆಯಹೋದರೆ ಮೊಬೈಲು ‘ಸ್ಥಳವಿಲ್ಲ’ ಎಂದಿತು. ತಂದೆ ದುಡಿಮೆಗಾಗಿ ಬೆಂಗಳೂರಿಗೆ ಹೋದವರು, ಕೇಳೋಣವೆಂದರೆ ಮನೆಯಲ್ಲಿ ತಿಳಿದವರಿಲ್ಲ. ಹುಡುಗಿ ಅಳಿಸಬಹುದಾದದ್ದನ್ನು ಅಳಿಸಿ ಅರ್ಜಿಯನ್ನು ಸಲ್ಲಿಸಿದಳು. ಒಂದು ತಿಂಗಳೊಳಗೆ ಆಯಿ ತೀರಿಕೊಂಡರು. ಉಳಿದ ಪದಗಳೆಲ್ಲಿ ಎಂದು ನಾನು ಕೇಳಿದಾಗ ಸಂಗತಿ ಹೊರಬಿದ್ದಿತು. ‘ಆ ಆಟಗಳನ್ನು ತೆಗೆಯಬಾರದಾಗಿತ್ತೇನವ್ವ?’ ಎಂದೆನು. ‘ಅವು ತೆಗಿಲಾಕ ಬರಲ್ರಿ ಗುರುಗಳೆ, ಆಯಿ ಹಾಡಷ್ಟೇ ತೆಗಿಲಾಕ ಬಂದ್ವು’ ಎಂದಳು.

ಈ ಒಂದು ವಾಕ್ಯ ನನ್ನನ್ನು ಬಹುದಿನ ಬಿಡಲಿಲ್ಲ. ಆಕೆಯ ಮೊಬೈಲನ್ನು ತರಿಸಿ ನೋಡಿದೆನು. ಹೇಳಿಕೊಳ್ಳಲು 32 ಜಿಬಿ ಸ್ಥಳ. ಅದರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕ ಭಾಗವು, ಮನೆಯವರು ಒಂದು ಚಿತ್ರವನ್ನೂ ತೆಗೆಯುವ ಮೊದಲೇ ಭರ್ತಿಯಾಗಿತ್ತು. ಮೊಬೈಲು ನಡೆಯಲು ಬೇಕೇಬೇಕಾದ ಮೂಲ ವ್ಯವಸ್ಥೆಗೆ ಅದರಲ್ಲಿ ದೊಡ್ಡ ಪಾಲು ಸಲ್ಲುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದರ ಬೆನ್ನಿಗೆ ಯಾರೂ ಬಯಸದ ಆಟಗಳು, ಸರಕು ಮಾರುವ ಆ್ಯಪುಗಳು, ಪರದೆಯ ಮೇಲೆ ತಾನಾಗಿ ಸುದ್ದಿ-ಜಾಹೀರಾತು ತೋರಿಸುವ ಮತ್ತೊಂದು, ‘ಕಸ ಗುಡಿಸುತ್ತೇನೆ’ ಎಂದು ಹೇಳಿಕೊಂಡು ತಾನೇ ಕಸವಾಗಿ ಕುಳಿತ ಇನ್ನೊಂದು! ಯಾದಗಿರಿಗೆ ಹೋದಾಗ ಮಾರಿದ ಅಂಗಡಿಯಲ್ಲಿ ವಿಚಾರಿಸಿದೆನು. ‘ನಾವು ಡಬ್ಬಿ ಒಡೆದು ಕೊಡುವವರು ಅಷ್ಟೇ, ಕಂಪನಿಯವರನ್ನು ಕೇಳಿರಿ’ ಎಂದರು. ಕಂಪನಿಯ ಸೇವಾಕೇಂದ್ರದವರು ‘ಇದು ಆಂಡ್ರಾಯ್ಡಿನೊಂದಿಗೆ ಬಂದದ್ದು’ ಎಂದರು. ತಿಳಿದ ಒಬ್ಬ ಯುವಕನು, ‘ಮೊದಲ ಸಲ ಮೊಬೈಲು ಚಾಲೂ ಮಾಡಿದಾಗ ಒಪ್ಪಿದೆ ಎಂದು ಒತ್ತಿದವರು ನೀವೇ ಅಲ್ಲವೇ?’ ಎಂದನು. ಹೀಗೆ ಬೆರಳುಗಳು ಒಂದು ಸುತ್ತು ತಿರುಗಿ ಕೊನೆಗೆ ಹದಿನಾಲ್ಕು ವರ್ಷದ ಹುಡುಗಿಯ ಮೇಲೆಯೇ ಬಂದು ನಿಂತವು. ಇದು ನ್ಯಾಯವೇ ಎಂಬುದು ಇಲ್ಲಿಯ ವಿಚಾರ.

ಮೊದಲು ಈ ‘ತೆಗೆಯಲು ಬಾರದು’ ಎಂಬುದರ ಮರ್ಮವನ್ನು ತಿಳಿಯಬೇಕು. ಮೊಬೈಲಿನ ಸಂಗ್ರಹದಲ್ಲಿ ಸ್ಥೂಲವಾಗಿ ಎರಡು ಭಾಗಗಳು: ಒಂದು ವ್ಯವಸ್ಥೆಯ ಭಾಗ, ಇನ್ನೊಂದು ಬಳಸುವವನ ಭಾಗ. ವ್ಯವಸ್ಥೆಯ ಭಾಗವನ್ನು ಮೊಬೈಲಿನ ಒಡೆಯನು ಓದಬಲ್ಲನೇ ಹೊರತು ತಿದ್ದಲಾರನು. ಅಪಾಯದಿಂದ ಕಾಯಲೆಂದು ಏರ್ಪಟ್ಟ ಕಟ್ಟು ಇದು; ಅದು ಯುಕ್ತವೇ. ಆದರೆ ಅದೇ ಕಟ್ಟಿನೊಳಗೆ ತಯಾರಕರು ಬೇಡದ ಆ್ಯಪುಗಳನ್ನೂ ಸೇರಿಸಿಬಿಡುತ್ತಾರೆ. ಗುಡಿಯ ಗರ್ಭಗೃಹದಲ್ಲಿ ವ್ಯಾಪಾರಿಯ ಮೂಟೆ ಇಟ್ಟಂತೆ! ಅಂತಹ ಆ್ಯಪನ್ನು ಒತ್ತಿದರೆ ‘ಅಳಿಸು’ ಎಂಬ ಮಾತು ಕಾಣಿಸದು, ‘ನಿಷ್ಕ್ರಿಯಗೊಳಿಸು’ ಎಂಬುದು ಕಾಣಿಸೀತು; ಕೆಲವಕ್ಕೆ ಅದೂ ಇಲ್ಲ. ನಿಷ್ಕ್ರಿಯವಾದ ಆ್ಯಪ್ ಮಲಗಿತು ಅಷ್ಟೇ, ಮನೆ ಬಿಡಲಿಲ್ಲ. ವ್ಯವಸ್ಥೆಯ ಭಾಗದಲ್ಲಿ ಅದು ಹಿಡಿದ ಸ್ಥಳ ತಿರುಗಿ ಬಾರದು. ಅಲ್ಲದೆ ಆ್ಯಪಿನ ಮೂಲ ಪ್ರತಿ ವ್ಯವಸ್ಥೆಯ ಭಾಗದಲ್ಲಿದ್ದರೂ, ಅದರ ಹೊಸ ಹೊಸ ಆವೃತ್ತಿಗಳು ಬಳಸುವವನ ಭಾಗದಲ್ಲಿ ಬಂದು ಕೂಡುತ್ತವೆ; ಹೀಗೆ ಒಂದೇ ಅತಿಥಿ ಎರಡು ಕೋಣೆ ಹಿಡಿದಂತಾಗುತ್ತದೆ. ಮೊಬೈಲನ್ನು ಮೊದಲಿನ ಸ್ಥಿತಿಗೆ ಮರಳಿಸಿದರಂತೂ ನಿಮ್ಮದೆಲ್ಲ ಹೋಗುತ್ತದೆ, ಅವರದೆಲ್ಲ ತಿರುಗಿ ಬರುತ್ತದೆ. 256 ಜಿಬಿಯ ಬೆಲೆಬಾಳುವ ಮೊಬೈಲಿಗೆ ಇದು ಸೊಳ್ಳೆಯ ಭಾರ. 32 ಜಿಬಿಯ ಬಡವರ ಮೊಬೈಲಿಗೆ ಮೂಟೆಯ ಭಾರ. ಆದುದರಿಂದ ಇದು ಬರಿಯ ಕಿರಿಕಿರಿಯ ಪ್ರಶ್ನೆಯಲ್ಲ. ಬಡವನಿಂದ ಹೆಚ್ಚು, ಬಲ್ಲಿದನಿಂದ ಕಡಿಮೆ ಕೀಳುವ ಒಂದು ಬಗೆಯ ಸುಂಕ.

ವ್ಯಾಕರಣವನ್ನು ಬೋಧಿಸುವವನಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇಂತಹ ತಂತ್ರಾಂಶಗಳನ್ನು ಕುರಿತು ಎಲ್ಲರೂ ಬಳಸುವ ಮಾತು ‘ಮೊದಲೇ ಅಳವಡಿಸಲಾಗಿದೆ’ ಎಂಬುದು. ಇದು ಕರ್ಮಣಿ ಪ್ರಯೋಗ. ‘ರೈತನು ಹೊಲವನ್ನು ಹರಗಿದನು’ ಎಂಬಲ್ಲಿ ಮಾಡಿದವನು ಎದುರಿಗೆ ನಿಂತಿದ್ದಾನೆ. ‘ಅಳವಡಿಸಲಾಗಿದೆ’ ಎಂಬಲ್ಲಿ ಕೆಲಸವಿದೆ, ಕೆಲಸಕ್ಕೆ ಒಳಗಾದ ವಸ್ತುವಿದೆ, ಕರ್ತೃ ಮಾತ್ರ ಇಲ್ಲ. ಕಚೇರಿಯ ಪತ್ರಗಳಲ್ಲಿ ‘ಆದೇಶಿಸಲಾಗಿದೆ’, ‘ತಿರಸ್ಕರಿಸಲಾಗಿದೆ’ ಎಂದು ಬರೆದು ಹೆಸರನ್ನು ಮರೆಮಾಚುವ ಚಾತುರ್ಯ ನಮಗೆ ಹೊಸದಲ್ಲ. ಹೊಣೆಯಿಂದ ನುಣುಚಿಕೊಳ್ಳಬೇಕೆಂಬವನಿಗೆ ಕರ್ಮಣಿ ಪ್ರಯೋಗದಷ್ಟು ಅನುಕೂಲವಾದ ಆಶ್ರಯ ಮತ್ತೊಂದಿಲ್ಲ. ಆದುದರಿಂದ ನಾವು ಮಾಡಬೇಕಾದ ಮೊದಲ ಕೆಲಸವೆಂದರೆ ಆ ವಾಕ್ಯವನ್ನು ಕರ್ತರಿ ಪ್ರಯೋಗಕ್ಕೆ ತಿರುಗಿಸುವುದು: ಅಳವಡಿಸಿದವರು ಯಾರು?

ಒಂದು ಕೃತ್ಯದ ಪುಣ್ಯಪಾಪಗಳಲ್ಲಿ ಮಾಡಿದವನು, ಮಾಡಿಸಿದವನು, ಪ್ರೇರೇಪಿಸಿದವನು, ಒಪ್ಪಿ ತಲೆಯಾಡಿಸಿದವನು ಈ ನಾಲ್ವರೂ ಸಮಭಾಗಿಗಳೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ನಾಲ್ವರನ್ನು ನಮ್ಮ ಮೊಬೈಲಿನಲ್ಲಿ ಹುಡುಕೋಣ.

ಮಾಡಿದವನು ಮೊಬೈಲಿನ ತಯಾರಕ. ಯಾವ ಆ್ಯಪ್ ಯಾವ ಭಾಗದಲ್ಲಿರಬೇಕು, ಯಾವುದನ್ನು ಅಳಿಸಬಹುದು, ಯಾವುದನ್ನು ಅಳಿಸಬಾರದು ಎಂಬುದನ್ನು ಕಾರಖಾನೆಯಲ್ಲಿ ಗೊತ್ತುಮಾಡುವವನು ಅವನು. ಅವನ ಸಮರ್ಥನೆ ಒಂದೇ: ‘ಅಗ್ಗಕ್ಕೆ ಕೊಡುತ್ತಿದ್ದೇನೆ.’ ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಚೀನದ ಶಿಯೋಮಿ ಸಂಸ್ಥೆಯು, ಯಂತ್ರಗಳ ಮಾರಾಟದಿಂದ ಬರುವ ನಿವ್ವಳ ಲಾಭವನ್ನು ಶೇಕಡಾ 5ಕ್ಕಿಂತ ಹೆಚ್ಚಾಗಗೊಡುವುದಿಲ್ಲವೆಂದು 2018ರ ಏಪ್ರಿಲ್‌ನಲ್ಲಿ ಬಹಿರಂಗವಾಗಿಯೇ ಸಾರಿತು. ಯಂತ್ರದಲ್ಲಿ ಬಿಟ್ಟ ಲಾಭವನ್ನು ಅಂತರಜಾಲದ ಸೇವೆಗಳಿಂದಲೂ ಜಾಹೀರಾತಿನಿಂದಲೂ ತುಂಬಿಕೊಳ್ಳುವುದು ಇಂದಿನ ಮೊಬೈಲು ವ್ಯಾಪಾರದ ತಿಳಿದ ಮಾರ್ಗ. ಅಗ್ಗವೆಂಬುದು ಒಪ್ಪತಕ್ಕ ಮಾತೇ. ಆದರೆ ಉಳಿದ ಬೆಲೆಯನ್ನು ಯಾವ ರೂಪದಲ್ಲಿ ವಸೂಲು ಮಾಡುತ್ತೇನೆಂಬುದನ್ನು ಡಬ್ಬಿಯ ಮೇಲೆ ಬರೆಯದಿರುವುದು ಒಪ್ಪತಕ್ಕದ್ದಲ್ಲ. ತೂಕದಲ್ಲಿ ಅರ್ಧ ಕಿಲೋ ಕಡಿಮೆ ಕೊಟ್ಟು ‘ಬೆಲೆ ಕಡಿಮೆ ಇದೆಯಲ್ಲ’ ಎನ್ನುವ ವ್ಯಾಪಾರಿಯನ್ನು ನಾವು ಸಂತೆಯಲ್ಲಿ ಕ್ಷಮಿಸುವುದಿಲ್ಲ.

ಈ ಮಾಡಿದವನನ್ನು ಹೆಸರು ಹಿಡಿದು ಗುರುತಿಸುವುದಾದರೂ ಸುಲಭವೇ? ಸ್ಪೇನ್ ದೇಶದ ಐಎಂಡಿಇಎ ನೆಟ್‌ವರ್ಕ್ಸ್ ಸಂಸ್ಥೆಯ ವಿದ್ವಾಂಸರು ಇತರರೊಡಗೂಡಿ 2019ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯಲ್ಲಿ, 200ಕ್ಕೂ ಹೆಚ್ಚು ತಯಾರಕರ 1,700ಕ್ಕೂ ಹೆಚ್ಚು ಆಂಡ್ರಾಯ್ಡ್ ಸಾಧನಗಳಲ್ಲಿ ಮೊದಲೇ ಇದ್ದ ತಂತ್ರಾಂಶಗಳನ್ನು ಶೋಧಿಸಿದರು. ಅವುಗಳಲ್ಲಿ ಅನೇಕವನ್ನು ನಿರ್ಮಿಸಿದವರು ಯಾರೆಂಬುದೇ ಅವರಿಗೆ ತಿಳಿಯದಾಯಿತು. ಪ್ರತಿಯೊಂದು ತಂತ್ರಾಂಶಕ್ಕೂ ನಿರ್ಮಿಸಿದವರ ಅಂಕಿತವೊಂದು ಇರತಕ್ಕದ್ದು. ಆದರೆ ಅನೇಕ ಕಡೆ ಹೆಸರಿನ ಬದಲು ‘ಆಂಡ್ರಾಯ್ಡ್’ ಎಂಬ ಸಾಮಾನ್ಯ ನಾಮವಷ್ಟೇ ಇದ್ದಿತು. ಅಂಕಿತವಿಲ್ಲದ ವಚನದ ಕರ್ತೃವನ್ನು ನಿರ್ಣಯಿಸುವುದು ಎಷ್ಟು ಕಷ್ಟವೆಂಬುದನ್ನು ಈ ಸಂಚಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಹಳೆಯ ಓಲೆಯಲ್ಲಿ ಅಂಕಿತ ಅಳಿದದ್ದು ಕಾಲದ ದೋಷ; ಇಲ್ಲಿ ಅಂಕಿತವಿಲ್ಲದಿರುವುದು ಬೇಕೆಂತಲೇ ತಾಳಿದ ಮೌನ ಅಥವಾ ಅಕ್ಷಮ್ಯ ಅಲಕ್ಷ್ಯ.

ಮಾಡಿಸಿದವನು ಮೂಲ ವ್ಯವಸ್ಥೆಯ ಒಡೆಯ. ಇದರ ನಿರ್ಣಯ ನಮ್ಮ ದೇಶದಲ್ಲಿಯೇ ಆಗಿದೆ. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಗೂಗಲ್ ಸಂಸ್ಥೆಗೆ 1,337.76 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಆಯೋಗ ಎತ್ತಿ ತೋರಿಸಿದ ಸಂಗತಿ ಹೀಗಿದೆ: ಆಂಡ್ರಾಯ್ಡ್ ಮೊಬೈಲು ತಯಾರಿಸುವವನಿಗೆ ಗೂಗಲ್‌ನ ಪ್ಲೇ ಸ್ಟೋರ್ ಇಲ್ಲದೆ ಮಾರಾಟ ನಡೆಯದು, ಅದು ಬೇಕೆಂದರೆ ಗೂಗಲ್‌ನ ಆ್ಯಪುಗಳ ಇಡೀ ಗುಂಪನ್ನು ಮೊದಲೇ ಅಳವಡಿಸಿ, ಮುಖ್ಯವಾದವನ್ನು ಎದ್ದು ಕಾಣುವ ಸ್ಥಳದಲ್ಲಿರಿಸಲು ಕರಾರು ಬರೆದುಕೊಡಬೇಕು, ಕೊಂಡವನಿಗೆ ಅವುಗಳನ್ನು ಅಳಿಸುವ ಅವಕಾಶವಿಲ್ಲ. ಅಳಿಸುವುದಕ್ಕೆ ತಡೆಯೊಡ್ಡಬಾರದೆಂದೂ ಆಯೋಗ ನಿರ್ದೇಶಿಸಿತು. 2023ರ ಜನವರಿಯಲ್ಲಿ, ತಯಾರಕರು ಬೇಕಾದ ಆ್ಯಪುಗಳನ್ನಷ್ಟೇ ಬಿಡಿಬಿಡಿಯಾಗಿ ಪಡೆಯಬಹುದೆಂದು ಗೂಗಲ್ ಪ್ರಕಟಿಸಿತು. ಅದೇ ವರ್ಷದ ಮಾರ್ಚ್ 29ರಂದು ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದರೂ ನಾಲ್ಕು ನಿರ್ದೇಶನಗಳನ್ನು ರದ್ದುಪಡಿಸಿತು. ಅಳಿಸುವ ಸ್ವಾತಂತ್ರ್ಯವನ್ನು ಕುರಿತ ನಿರ್ದೇಶನ ಆ ನಾಲ್ಕರಲ್ಲೊಂದು. ವಾಚಕರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಯಾರಕನಿಗೆ ಆರಿಸಿಕೊಳ್ಳುವ ಸ್ವಾತಂತ್ರ್ಯ ದೊರೆಯಿತು. ದಂಡದ ಹಣ ಬೊಕ್ಕಸಕ್ಕೆ ಸಲ್ಲತಕ್ಕದ್ದು. ಮೊಬೈಲಿನ ಒಡೆಯನ ಕೈಗೆ ಬರಬೇಕಾಗಿದ್ದ ಕೀಲಿಕೈ ಒಂದೇ ದಾರಿಯಲ್ಲಿ ಜಾರಿಹೋಯಿತು. ದೊಡ್ಡವರ ವ್ಯಾಜ್ಯದಲ್ಲಿ ಸಣ್ಣವರ ಅಹವಾಲು ಹೀಗೆಯೇ ಕಡತದ ಅಡಿಗೆ ಸೇರುತ್ತದೆ.

ಪ್ರೇರೇಪಿಸಿದವರು ಆ್ಯಪುಗಳ ವ್ಯಾಪಾರಿಗಳು. ತಮ್ಮ ಆ್ಯಪನ್ನು ಜನರು ತಾವಾಗಿ ಹುಡುಕಿ ತಂದುಕೊಳ್ಳಲಿ ಎಂದು ಕಾಯುವ ತಾಳ್ಮೆ ಇಲ್ಲದೆ, ತಯಾರಕನಿಗೆ ಹಣ ತೆತ್ತು ಒಳಗೆ ಸೇರಿಕೊಳ್ಳುತ್ತಾರೆ. ಒಳ್ಳೆಯ ಸರಕಿಗೆ ಇಂತಹ ಒಳದಾರಿ ಬೇಕಾಗುವುದು ಅಪರೂಪವೆಂದಷ್ಟು ಹೇಳಿ ಇವರನ್ನು ಬಿಡುತ್ತೇನೆ. ಕೂಲಿಗೆ ಬಂದವನ ತಪ್ಪಿಗಿಂತ ಬಾಗಿಲು ತೆರೆದವನ ತಪ್ಪು ದೊಡ್ಡದು.

ಒಪ್ಪಿ ತಲೆಯಾಡಿಸಿದವರಲ್ಲಿ ಮೊದಲನೆಯವರು ಆಳುವವರು. ಕೆಲವೊಮ್ಮೆ ಅವರು ಬರಿಯ ಅನುಮೋದಕರಾಗಿ ಉಳಿಯದೆ ತಾವೇ ಮಾಡಿಸುವವರಾಗುತ್ತಾರೆ. ಕೇಂದ್ರದ ದೂರಸಂಪರ್ಕ ಇಲಾಖೆಯು 2025ರ ನವೆಂಬರ್ 28ರಂದು, ಇನ್ನು ಮುಂದೆ ಬರುವ ಎಲ್ಲ ಹೊಸ ಮೊಬೈಲುಗಳಲ್ಲಿ ‘ಸಂಚಾರ್ ಸಾಥಿ’ ಎಂಬ ಆ್ಯಪನ್ನು 90 ದಿನಗಳೊಳಗಾಗಿ ಮೊದಲೇ ಅಳವಡಿಸಬೇಕೆಂದೂ, ಅದರ ಕಾರ್ಯಗಳನ್ನು ಯಾರೂ ನಿಷ್ಕ್ರಿಯಗೊಳಿಸಕೂಡದೆಂದೂ ತಯಾರಕರಿಗೆ ನಿರ್ದೇಶನ ಕೊಟ್ಟಿತು. ಕಳುವಾದ ಮೊಬೈಲನ್ನು ಕೆಲಸಕ್ಕೆ ಬಾರದಂತೆ ಮಾಡುವುದು, ನಮ್ಮ ಹೆಸರಿನಲ್ಲಿ ಬೇರೆಯವರು ಸಿಮ್ ಪಡೆದಿದ್ದಾರೆಯೇ ಎಂದು ನೋಡುವುದು ಮುಂತಾದ ಉಪಯುಕ್ತ ಅನುಕೂಲಗಳು ಆ ಆ್ಯಪಿನಲ್ಲಿವೆ. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಹಿತವಾದ ಮದ್ದನ್ನೂ ಕೈಕಾಲು ಕಟ್ಟಿ ಕುಡಿಸಿದರೆ ರೋಗಿಗೆ ವೈದ್ಯನ ಮೇಲೆ ವಿಶ್ವಾಸ ಉಳಿಯದು. ದೇಶದಲ್ಲೆಲ್ಲ ಆಕ್ಷೇಪ ಎದ್ದಿತು. ಬೇಡದವರು ಅಳಿಸಬಹುದೆಂದು ಸಚಿವರು ಹೇಳಿದರು. ಡಿಸೆಂಬರ್ 3ರಂದು ಸರಕಾರವು ಕಡ್ಡಾಯವನ್ನು ಹಿಂದೆಗೆದುಕೊಂಡಿತು. ತಪ್ಪನ್ನು ಐದೇ ದಿನಗಳಲ್ಲಿ ತಿದ್ದಿಕೊಂಡದ್ದು ಶ್ಲಾಘ್ಯ. ಅಂದ ಮೇಲೆ, ಆಳುವವರಿಗೇ ಸಲ್ಲದ ಅಧಿಕಾರ ಒಬ್ಬ ಆಟದ ವ್ಯಾಪಾರಿಗೆ ಹೇಗೆ ಸಲ್ಲುತ್ತದೆ ಎಂದು ಕೇಳುವ ಹಕ್ಕು ನಮಗೆ ತಾನಾಗಿಯೇ ಬರುತ್ತದೆ.

ಈ ವಿಷಯದಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯ ತೋರಿದ ದಾರಿ ಸ್ಮರಣೀಯವಾದುದು. ಕೊರೋನಾ ಮಹಾಮಾರಿಯ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ ಬಂದ ‘ಆರೋಗ್ಯ ಸೇತು’ ಆ್ಯಪನ್ನು ಕೆಲವು ಕಡೆ ಕಡ್ಡಾಯ ಮಾಡಿದರು. ಅದನ್ನು ಪ್ರಶ್ನಿಸಿದ ಅರ್ಜಿಯಲ್ಲಿ, ಆ ಆ್ಯಪನ್ನು ಹಾಕಿಕೊಳ್ಳಲಿಲ್ಲವೆಂಬ ಒಂದೇ ಕಾರಣದಿಂದ, ಕಾನೂನಿನ ಆಧಾರವಿಲ್ಲದೆ ಯಾವ ನಾಗರಿಕನಿಗೂ ಸರಕಾರಿ ಸೇವೆಯನ್ನು ನಿರಾಕರಿಸಕೂಡದೆಂದು ನ್ಯಾಯಾಲಯವು 2020ರ ಅಕ್ಟೋಬರಿನಲ್ಲಿ ಮಧ್ಯಂತರ ಆದೇಶವಿತ್ತಿತು; 2021ರ ಜನವರಿಯಲ್ಲಿ, ಬಳಸುವವರ ತಿಳಿದ ಒಪ್ಪಿಗೆ ಇಲ್ಲದೆ ಅವರ ಮಾಹಿತಿಯನ್ನು ಹಂಚುವುದಕ್ಕೂ ತಡೆಯೊಡ್ಡಿತು. ಮಹಾಮಾರಿಯೇ ಕದ ತಟ್ಟಿದಾಗಲೂ ‘ಒಪ್ಪಿಗೆ’ ಎಂಬ ಮಾತಿಗೆ ನ್ಯಾಯಾಲಯ ಬೆಲೆ ಕೊಟ್ಟಿತು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿದ ತೀರ್ಪು ಯಾರ ಹೆಸರಿನಲ್ಲಿದೆ? ನಮ್ಮದೇ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿ ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿ. ಕನ್ನಡಿಗರಿಗೆ ಇದು ಹೆಮ್ಮೆಯ ಸಂಗತಿ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ‘ಹಾಗಾದರೆ ಮೊದಲೇ ಅಳವಡಿಸಿದ್ದೆಲ್ಲ ಕೆಟ್ಟದ್ದೇ? ಬರಿದಾದ ಮೊಬೈಲು ಯಾರಿಗೆ ಬೇಕು?’ ಎಂದು ಯಾರಾದರೂ ಕೇಳಬಹುದು. ಹಾಗೆಂದೂ ನಾನು ಹೇಳೆನು. ಒಂದು ಕಾಲಕ್ಕೆ ಅನೇಕ ಮೊಬೈಲುಗಳಲ್ಲಿ ಕನ್ನಡದ ಅಕ್ಷರಗಳ ಜಾಗದಲ್ಲಿ ಬರಿಯ ಚೌಕಗಳು ಮೂಡುತ್ತಿದ್ದವು. ಭಾರತದಲ್ಲಿ ಮಾರುವ ಮೊಬೈಲುಗಳಲ್ಲಿ 22 ಭಾಷೆಗಳನ್ನು ಓದಲು ಬರಬೇಕು, ಇಂಗ್ಲಿಷ್, ಹಿಂದಿ ಹಾಗೂ ಮತ್ತೊಂದು ಭಾರತೀಯ ಭಾಷೆಯಲ್ಲಿ ಬರೆಯಲು ಬರಬೇಕು ಎಂಬ ಮಾನಕವನ್ನು ಸರಕಾರವು 2016ರಲ್ಲಿ ಗೊತ್ತುಪಡಿಸಿತು. ಆಪತ್ತಿನಲ್ಲಿರುವ ಹೆಣ್ಣುಮಕ್ಕಳು ಒಂದೇ ಗುಂಡಿಯನ್ನು ಒತ್ತಿ ನೆರವು ಕರೆಯುವ ಏರ್ಪಾಟು ಪ್ರತಿ ಹೊಸ ಮೊಬೈಲಿನಲ್ಲಿರಬೇಕೆಂಬ ನಿಯಮವನ್ನೂ ಅದೇ ವರ್ಷ ಮಾಡಿತು. ಇವೂ ಮೊದಲೇ ಅಳವಡಿಸಿದವುಗಳೇ. ಆದರೆ ಇವು ಒಡೆಯನ ಕೆಲಸಕ್ಕೆ ನಿಂತ ಆಳುಗಳು, ಒಡೆಯನನ್ನೇ ಮಾರುವ ದಲ್ಲಾಳಿಗಳಲ್ಲ. ಆದುದರಿಂದ ಪರೀಕ್ಷೆ ಮೂರು ಮಾತುಗಳಲ್ಲಿ ಮುಗಿಯುತ್ತದೆ: ಅದು ಯಾರ ಹಿತಕ್ಕಾಗಿ ಇದೆ? ಇಟ್ಟವರ ಹೆಸರು ಕಾಣುತ್ತದೆಯೇ? ಬೇಡವೆಂದಾಗ ತೆಗೆಯಲು ಬರುತ್ತದೆಯೇ? ಕನ್ನಡದ ಅಕ್ಷರಗಳನ್ನು ಒಳಗೆ ತರಿಸಲು ಸರಕಾರಿ ಮಾನಕವೇ ಬೇಕಾಯಿತು. ಜೂಜಿನಂತಹ ಆಟಗಳು ಮಾತ್ರ ಕರೆಯದೆಯೇ ಬಂದವು. ಈ ವೈಪರೀತ್ಯವನ್ನು ಭಾಷಾಭಿಮಾನಿಗಳು ಮನಗಾಣಬೇಕು.

ಇನ್ನು ಕೊನೆಯ ಅನುಮೋದಕರು ನಾವು, ಕೊಳ್ಳುವವರು. ‘ಒಪ್ಪಿದೆ’ ಎಂದು ಒತ್ತಿದವರು ನಾವೇ ಎಂಬ ವಾದವನ್ನು ಪರಿಶೀಲಿಸೋಣ. ಓದದೆ ಒತ್ತುವುದು ಪ್ರಮಾದವೇ, ಒಪ್ಪುತ್ತೇನೆ. ಆದರೆ ಒಪ್ಪಿಗೆ ಎಂಬುದು ನಿರಾಕರಿಸಬಲ್ಲವನ ಮಾತು. ಹಣ ಕೊಟ್ಟು ಡಬ್ಬಿ ಒಡೆದ ಮೇಲೆ, ಹತ್ತಾರು ಪುಟಗಳ ಇಂಗ್ಲಿಷ್ ಕರಾರನ್ನು ಮುಂದಿಟ್ಟು, ಒಪ್ಪದಿದ್ದರೆ ಮೊಬೈಲೇ ನಡೆಯದೆಂದರೆ, ಅದಕ್ಕೆ ಒಪ್ಪಿಗೆ ಎಂದು ಹೆಸರಿಡುವುದು ಶಬ್ದಕ್ಕೆ ಮಾಡುವ ಅಪಚಾರ. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಒಪ್ಪಿಗೆ ಎಂಬುದು ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಷರತ್ತಿಲ್ಲದ್ದೂ ನಿಸ್ಸಂದಿಗ್ಧವೂ ಆಗಿರಬೇಕೆನ್ನುತ್ತದೆ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಇಲ್ಲವೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವಿರಬೇಕೆನ್ನುತ್ತದೆ. ಅದರ ನಿಯಮಗಳನ್ನು ಸರಕಾರವು 2025ರ ನವೆಂಬರಿನಲ್ಲಿ ಪ್ರಕಟಿಸಿ, ಮುಖ್ಯ ಬಾಧ್ಯತೆಗಳ ಪಾಲನೆಗೆ 18 ತಿಂಗಳ ಗಡುವು ಕೊಟ್ಟಿತು. ಕರಾರು ಕನ್ನಡದಲ್ಲಿ ಬರಲಿ. ಆ ಮೇಲೆ ನಮ್ಮನ್ನು ದೂಷಿಸಲಿ.

ನಾಲ್ವರನ್ನೂ ಕಂಡದ್ದಾಯಿತು. ನಾಲ್ವರೂ ಸಮಭಾಗಿಗಳೆಂಬ ಹಿರಿಯರ ಮಾತನ್ನು ಈ ಪ್ರಸಂಗದಲ್ಲಿ ನಾನು ವಿನಯಪೂರ್ವಕವಾಗಿ ಒಪ್ಪಲಾರೆನು. ಎಲ್ಲರೂ ಸಮಾನ ಹೊಣೆಗಾರರೆಂದರೆ ಯಾರೂ ಹೊಣೆಗಾರರಲ್ಲವೆಂದೇ ಅರ್ಥವಾಗುವ ಕಾಲವಿದು. ಬೆರಳು ತಿರುಗುತ್ತಲೇ ಇರುತ್ತದೆ. ಹೊಣೆಯು ಅಧಿಕಾರಕ್ಕೆ ತಕ್ಕಂತೆ ಇರತಕ್ಕದ್ದು. ತೆಗೆಯುವ ಶಕ್ತಿ ಯಾರ ಕೈಯಲ್ಲಿದೆಯೋ ಹೊಣೆ ಅವರದು. ಹುಡುಗಿಯ ಕೈಯಲ್ಲಿ ಆ ಶಕ್ತಿ ಇಲ್ಲ, ಅಂಗಡಿಯವನ ಕೈಯಲ್ಲಿಯೂ ಇಲ್ಲ. ಅದು ತಯಾರಕನ ಕೈಯಲ್ಲಿದೆ. ತಯಾರಕನು ತನ್ನ ಹೆಸರನ್ನು ಡಬ್ಬಿಯ ಮೇಲೆ ದೊಡ್ಡಕ್ಷರಗಳಲ್ಲಿ ಮುದ್ರಿಸಿ ಮಾರಿದ್ದಾನೆ. ಆದುದರಿಂದ ಕೊಂಡವನಿಗೆ ಉತ್ತರ ಹೇಳಬೇಕಾದ ಮೊದಲ ಹೊಣೆ ಅವನದೇ. ಕರಾರಿನ ಬಲದಿಂದ ಅವನ ಕೈ ಕಟ್ಟಿದವರು ಮೂಲ ವ್ಯವಸ್ಥೆಯ ಒಡೆಯರಾದರೆ, ಅವರೊಡನೆ ಅವನು ಹೋರಾಡಿಕೊಳ್ಳಲಿ. ಆ ಹೋರಾಟವನ್ನು ನಮ್ಮ ಅಂಗಳಕ್ಕೆ ತರುವುದು ಬೇಡ. ಇಬ್ಬರನ್ನೂ ಅಂಕೆಯಲ್ಲಿಡುವ ಹೊಣೆ ಸರಕಾರದ್ದು.

ಇದು ಆಗದ ಮಾತೆಂದು ಯಾರೂ ಹೇಳದಿರಲಿ. ದಕ್ಷಿಣ ಕೊರಿಯ ದೇಶವು ಮೊದಲೇ ಅಳವಡಿಸಿದ, ಅನಿವಾರ್ಯವಲ್ಲದ ಆ್ಯಪುಗಳನ್ನು ಬಳಸುವವರು ಅಳಿಸಲು ಬರುವಂತಿರಬೇಕೆಂದು 2014ರಷ್ಟು ಹಿಂದೆಯೇ ಮಾರ್ಗಸೂಚಿ ಹೊರಡಿಸಿತು. ಐರೋಪ್ಯ ಒಕ್ಕೂಟವು ತನ್ನ ಡಿಜಿಟಲ್ ಮಾರುಕಟ್ಟೆಗಳ ಕಾನೂನಿನಲ್ಲಿ ಇಂತಹದೇ ಬಾಧ್ಯತೆಯನ್ನು ದೊಡ್ಡ ಸಂಸ್ಥೆಗಳ ಮೇಲೆ ಹೊರಿಸಿದೆ. ಅದು 2024ರ ಮಾರ್ಚ್‌ನಿಂದ ಅವರಿಗೆ ಅನ್ವಯವಾಗುತ್ತಿದೆ. ಅಲ್ಲಿ ಅಳಿಸಬಹುದಾದದ್ದು ಇಲ್ಲಿ ಅಳಿಸಲಾಗದೆಂದರೆ ಅದು ಯಂತ್ರದ ಅಶಕ್ತಿಯಲ್ಲ, ಮನಸ್ಸಿನ ಅಭಾವ. ನಮ್ಮಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವಿದೆ. ಗ್ರಾಹಕರನ್ನು ಮೋಸದ ವಿನ್ಯಾಸಗಳಿಂದ ದಾರಿತಪ್ಪಿಸುವ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದ 2023ರ ನವೆಂಬರ್ 30ರ ಮಾರ್ಗಸೂಚಿಗಳಿವೆ. ಇವುಗಳ ಸಾಲಿಗೆ ‘ಅನಿವಾರ್ಯವಲ್ಲದ ಯಾವುದೇ ತಂತ್ರಾಂಶವನ್ನು ಮೊಬೈಲಿನ ಒಡೆಯನು ಪೂರ್ಣವಾಗಿ ಅಳಿಸಲು ಬರಬೇಕು, ಡಬ್ಬಿಯ ಮೇಲೆ, ಒಡೆಯನಿಗೆ ನಿಜವಾಗಿ ದೊರೆಯುವ ಸ್ಥಳವೆಷ್ಟೆಂದು ಬರೆಯಬೇಕು’ ಎಂಬ ಎರಡು ಸಾಲುಗಳ ಸ್ಪಷ್ಟ ನಿಯಮವೊಂದು ಸೇರಿದರೆ ಸಾಕು.

ಅಲ್ಲಿಯವರೆಗೆ ನಮ್ಮ ಪಾಲಕರೂ ವಿದ್ಯಾರ್ಥಿಗಳೂ ಮಾಡಬಹುದಾದದ್ದು ಸ್ವಲ್ಪವುಂಟು. ಕೊಳ್ಳುವ ಮೊದಲು ಅಂಗಡಿಯಲ್ಲಿರುವ ಮಾದರಿಯನ್ನು ತೆರೆಸಿ, ಖಾಲಿ ಸ್ಥಳವೆಷ್ಟಿದೆ ಎಂದು ಕೇಳಿರಿ. ಮನೆಗೆ ತಂದ ದಿನವೇ ಅಳಿಸಲು ಬರುವುದನ್ನು ಅಳಿಸಿ, ಬಾರದುದನ್ನು ನಿಷ್ಕ್ರಿಯಗೊಳಿಸಿ, ಅದರ ಹೊಸ ಆವೃತ್ತಿಯನ್ನು ತೆಗೆದುಹಾಕಿ, ಅನುಮತಿಗಳನ್ನು ಹಿಂದೆಗೆದುಕೊಳ್ಳಿರಿ. ತಿಳಿಯದಿದ್ದರೆ ತಿಳಿದ ಶಿಕ್ಷಕರನ್ನು ಕೇಳಲು ನಾಚಬೇಡಿರಿ. ಅನ್ಯಾಯವೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ಹೇಳಿರಿ. ಒಬ್ಬರ ದೂರು ಗೊಣಗಾಟ, ಊರಿನ ದೂರು ಅಹವಾಲು. ಎಲ್ಲಕ್ಕಿಂತ ಮಿಗಿಲಾಗಿ, ಮನೆಯ ಹಿರಿಯರ ಮಾತು-ಹಾಡುಗಳನ್ನು ಮೊಬೈಲಿನ ಭರವಸೆಯ ಮೇಲೆ ಬಿಡದೆ ಅಂದಂದೇ ಕಾಗದಕ್ಕಿಳಿಸಿರಿ. ಈ ಕೊನೆಯ ಬುದ್ಧಿಯನ್ನು ನಾನು ಮಕ್ಕಳಿಗೆ ಮೊದಲೇ ಹೇಳಿದ್ದರೆ ಒಂಬತ್ತು ಪದಗಳು ಉಳಿಯುತ್ತಿದ್ದವು. ಆ ಮಟ್ಟಿಗಿನ ಹೊಣೆಯನ್ನು ನಾನು ಹೊರುತ್ತೇನೆ.

ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ನೆನಪಾದಾಗಲೆಲ್ಲ ಆಯಿಯ ಪದದ ಒಂದೊಂದು ಸಾಲನ್ನು ನೋಟುಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡುತ್ತಾಳೆ. ಮಧ್ಯೆ ಮಧ್ಯೆ ಖಾಲಿ ಬಿಟ್ಟ ಸಾಲುಗಳಿವೆ. ಆಕೆಯ ಮೊಬೈಲಿನಲ್ಲಿ ಆ ಆಟಗಳು ಇಂದಿಗೂ ಇವೆ. ಅವುಗಳನ್ನು ಇಟ್ಟವರು ಯಾರೋ ಅವರೇ ಬಂದು ತೆಗೆಯಬೇಕು. ಇಲ್ಲವೆ ತೆಗೆಯುವ ಕೀಲಿಕೈಯನ್ನು ಆ ಹುಡುಗಿಯ ಕೈಗೆ ಕೊಡಬೇಕು. ನಾವು ಕೇಳುವುದು ಇಷ್ಟೇ.